ಹೋಮ್‌ಸ್ಟೇ ನೆಟ್‌ವರ್ಕ್ ಸ್ವಿಚ್: ಸಮಯ ಕೈಯಲ್ಲೋ, ಎನ್‌ಟಿಪಿಯಲ್ಲೋ? ಪೊಲೀಸಿಂಗೋ, ಶೇಪಿಂಗೋ?

ಮಳೆಗಾಲದ ಚಿಕ್ಕಮಗಳೂರಲ್ಲಿ ಕರೆಂಟು ಹೋಗದ ದಿನ ಅಪರೂಪ. ಬ್ಯಾಟರಿ ಗಡಿಯಾರವಿಲ್ಲದ ನೆಟ್‌ವರ್ಕ್ ಸ್ವಿಚ್‌ಗೆ (ವೈಫೈ, ಕ್ಯಾಮೆರಾ ಕೇಬಲ್ಲುಗಳು ಬಂದು ಸೇರುವ ಪೆಟ್ಟಿಗೆಗೆ) ಕೈಯಲ್ಲಿ ಸಮಯ ಕೊಟ್ಟರೆ, ಕರೆಂಟು ಬಂದಾಗ ಅದು ಯಾವುದೋ ಹಳೇ ತಾರೀಖು ತೋರಿಸುತ್ತದೆ. ಲಿಂಕ್ ಯಾವಾಗ ಕಡಿಯಿತೆಂದು ಸ್ವಿಚ್ಚಿನ ಲಾಗ್ (ದಾಖಲೆ) ನೋಡಿ ಹೇಳಲಾಗದು. ಎನ್‌ಟಿಪಿ (ನೆಟ್‌ವರ್ಕಿನಿಂದ ಸಮಯ ತರುವ ವಿಧಾನ) ಆದರೆ ಯುಡಿಪಿ 123 ಎಂಬ ಜಾಲದ ಬಾಗಿಲಿನ ಮೂಲಕ ಸ್ವಿಚ್ ತಾನೇ ಸರಿಪಡಿಸಿಕೊಳ್ಳುತ್ತದೆ. ಎನ್‌ಟಿಪಿ ತರುವುದು ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ಮಾತ್ರ, ಭಾರತದ ಸಮಯಕ್ಕೆ +5:30 ನೀವೇ ಸೇರಿಸಬೇಕು. ಇಂಟರ್ನೆಟ್ಟೇ ಇಲ್ಲದ ತೋಟದ ಕ್ಯಾಮೆರಾ ಜಾಲಕ್ಕಷ್ಟೇ ಕೈಯಲ್ಲಿ ಕೊಟ್ಟ ಸಮಯ ಸಾಕು, ಅದೂ ಯುಪಿಎಸ್ ಇದ್ದರೆ.

ಇನ್ನು ಇಂಟರ್ನೆಟ್ ವೇಗಮಿತಿಯಲ್ಲಿ, ಪೊಲೀಸಿಂಗ್ ಮಿತಿ ಮೀರಿದ ಪ್ಯಾಕೆಟ್ಟನ್ನು (ಡೇಟಾದ ತುಣುಕನ್ನು) ಸಾಮಾನ್ಯವಾಗಿ ಬಿಸಾಡುತ್ತದೆ. ಶೇಪಿಂಗ್ ಸಾಲಲ್ಲಿ ನಿಲ್ಲಿಸಿ ಕಳಿಸುತ್ತದೆ. ಅತಿಥಿಗಳ ವೈಫೈ ಪೋರ್ಟಿನಲ್ಲಿ ಡೌನ್‌ಲೋಡಿಗೆ ಶೇಪಿಂಗ್, ಅಪ್‌ಲೋಡಿಗೆ ಪೊಲೀಸಿಂಗ್ ಇಡಿ. ಒಂದೇ ಕೇಬಲ್ಲಿನ ಎರಡೂ ತುದಿ ಒಂದೇ ಸ್ವಿಚ್‌ಗೆ ಚುಚ್ಚುವ ಮಹಾನುಭಾವರಿಗಾಗಿ ಹಾಗೆ ಸುತ್ತಿ ಸುತ್ತಿ ಉಕ್ಕುವ ಡೇಟಾಗೆ ತಡೆ ಹಾಕುವ ಸ್ಟಾರ್ಮ್ ಕಂಟ್ರೋಲ್ ಬೇರೆಯೇ ಬೇಕು.