ಕಛೇರಿ ಕೇಳೋಕೆ ಚೆನ್ನೈಗೆ, ಅದೂ ಕಾರಲ್ಲಿ: ಹೋಗ್ಬೋದಾ?

ಮೊದಲೇ ಹೇಳ್ಬಿಡ್ತೀನಿ, ನನಗೆ ಸಂಗೀತ ಬರಲ್ಲ. ತೋಡಿ ರಾಗಕ್ಕೂ ಕಾಂಭೋಜಿ ರಾಗಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ನನ್ನ ಹೆಂಡ್ತಿ ಸೀನಿಯರ್ ಪರೀಕ್ಷೆವರೆಗೂ ಕಲ್ತೋಳು, ಪ್ರತಿ ಡಿಸೆಂಬರ್ ಬಂತು ಅಂದ್ರೆ "ರೀ, ಈ ಸಲನಾದ್ರೂ ಚೆನ್ನೈನ ಮಾರ್ಗಳಿ ಸಂಗೀತ ಸೀಸನ್‌ಗೆ ಹೋಗೋಣ" ಅಂತ ಶುರು ಮಾಡ್ತಾಳೆ, ನಾನು ಪ್ರತಿ ಸಲ "ರಾಮನವಮಿಗೆ ಚಾಮರಾಜಪೇಟೆ ಫೋರ್ಟ್ ಹೈಸ್ಕೂಲಿಗೇ ದೊಡ್ಡ ದೊಡ್ಡ ವಿದ್ವಾಂಸರೆಲ್ಲ ಬರ್ತಾರಲ್ಲ, 1939ರಿಂದ ನಡ್ಕೊಂಡು ಬಂದಿದೆ, ಆಟೋದಲ್ಲಿ ಹೋಗ್ಬಂದ್ರಾಯ್ತು" ಅಂತ ತಪ್ಪಿಸ್ಕೊಳ್ತಿದ್ದೆ. ಈ ಸಲ ಆಫೀಸಲ್ಲಿ ಒಬ್ಬ ಚೆನ್ನೈ ಹುಡುಗ ಸಭಾ (ಕಛೇರಿ ನಡೆಸೋ ಸಂಗೀತ ಸಂಸ್ಥೆ) ಕ್ಯಾಂಟೀನ್ ಬಗ್ಗೆ ಅರ್ಧ ಗಂಟೆ ವರ್ಣನೆ ಮಾಡ್ದ. ನಾನು ಒಪ್ಕೊಂಡಿದ್ದು ಅದಕ್ಕೆ, ಸುಳ್ಳು ಯಾಕೆ ಹೇಳ್ಲಿ.

ಶನಿವಾರ ಬೆಳಗ್ಗೆ ನಾಲ್ಕೂವರೆಗೆ ಜಯನಗರ ಬಿಟ್ವಿ. ಆ ಹೊತ್ತಲ್ಲಿ ಸಿಲ್ಕ್ ಬೋರ್ಡ್ ಕೂಡ ದೇವರಂಥ ಜಾಗ ಮಾರಾಯ್ರೆ, ಫ್ಲೈಓವರ್ ಹತ್ತಿ ಎಲೆಕ್ಟ್ರಾನಿಕ್ ಸಿಟಿ ಇಳಿದು ಅತ್ತಿಬೆಲೆ ದಾಟಿ ಹೊಸೂರಿಗೆ ಬಂದಿದ್ದೇ ಗೊತ್ತಾಗ್ಲಿಲ್ಲ, ಬೋರ್ಡ್‌ಗಳು ತಮಿಳಿಗೆ ತಿರುಗಿದ್ದು ನೋಡಿ ಓಹ್ ಬಾರ್ಡರ್ ದಾಟಿದ್ವಿ ಅನ್ಕೊಂಡ್ವಿ. ಕೃಷ್ಣಗಿರಿವರೆಗೆ ಲಾರಿಗಳ ಕಾಟ ಇದೆ. ಅಲ್ಲಿ ಎಡಕ್ಕೆ ತಿರುಗಿ 48ನೇ ಹೈವೇ ಹಿಡಿದ ಮೇಲೆ ವಾಣಿಯಂಬಾಡಿ, ಆಂಬೂರು, ವೆಲ್ಲೂರು ಅಂತ ರಸ್ತೆ ಸುಮ್ನೆ ಹೋಗ್ತಾನೇ ಇರುತ್ತೆ. ಒಟ್ಟು 350 ಕಿಲೋಮೀಟರ್ ಹತ್ರ. ಹೊಸಕೋಟೆ ಕಡೆಯಿಂದ ಹೊಸ ಎಕ್ಸ್‌ಪ್ರೆಸ್‌ವೇ ಇದೆಯಲ್ಲ ಅಂತ ಕೇಳ್ಬೇಡಿ, ನಾವು ಹೋದಾಗ ಅದು ಓಡಾಟಕ್ಕೆ ಬಿಟ್ಟಿದ್ದು ನಮ್ಮ ಕರ್ನಾಟಕದ ಪಾಲು ಮಾತ್ರ, ಬೇತಮಂಗಲದ ಹತ್ರ ಇಳಿದು ಮತ್ತೆ ಹಳೇ ರೋಡೇ ಗತಿ. ಹೋಗಿ ಬರೋಕೆ ಟೋಲ್ ಸಾವಿರದ ಆಸುಪಾಸು, ಪೆಟ್ರೋಲ್ ನಾಲ್ಕೂವರೆ ಸಾವಿರ.

ಆದ್ರೆ ಚೆನ್ನೈ ಅಂಚಿನ ಪೂಂದಮಲ್ಲಿ ತಲುಪಿದ್ಮೇಲೆ ಶುರುವಾಯ್ತು ನೋಡಿ. ಅಲ್ಲಿವರೆಗೆ ನೂರರಲ್ಲಿ ಬಂದೋನು ಅಲ್ಲಿಂದ ಮೈಲಾಪುರಕ್ಕೆ ಒಂದೂಕಾಲು ಗಂಟೆ ತೆವಳಿದೆ. ಲಜ್ ಕಡೆ ಮೆಟ್ರೋ ಕೆಲಸ, ಎಲ್ಲಿ ನೋಡಿದ್ರೂ ಬ್ಯಾರಿಕೇಡ್, ಮ್ಯಾಪ್ ತೋರಿಸೋ ರಸ್ತೆ ಒನ್‌ವೇ ಆಗೋಗಿದೆ. ಲಾಡ್ಜ್‌ನೋರು "ಪಾರ್ಕಿಂಗ್ ಇದೆ ಸಾರ್" ಅಂದಿದ್ದು ನಿಜ, ಒಂದೇ ಕಾರಿಗೆ ಇತ್ತು, ಅಲ್ಲಿ ಓನರ್ ಕಾರ್ ನಿಂತಿತ್ತು. ಎರಡು ಬೀದಿ ಆಚೆ ದುಡ್ಡು ಕೊಟ್ಟು ನಿಲ್ಸಿ ಬಂದೆ, ಮಾರನೇ ದಿನ ಹೊರಡೋವರೆಗೂ ಅದನ್ನ ಮುಟ್ಲಿಲ್ಲ. ಊರೊಳಗೆಲ್ಲ ಆಟೋನೇ.

ಟಿಕೆಟ್ ವಿಷಯ. ಟಿಟಿಕೆ ರೋಡಿನ ಮ್ಯೂಸಿಕ್ ಅಕಾಡೆಮಿಗೆ ನಾವು ತಡವಾಗಿ ಪ್ರಯತ್ನ ಮಾಡಿದ್ರಿಂದ ಸಿಗ್ಲಿಲ್ಲ, ಅದು ನಮ್ಮ ತಪ್ಪು. ಆದ್ರೂ ಹೊರಗೆ ನಿಂತು ನೋಡ್ಲೇಬೇಕು ಅಂದ್ಳು ಹೆಂಡ್ತಿ. 1927ರ ಮದ್ರಾಸ್ ಕಾಂಗ್ರೆಸ್ ಅಧಿವೇಶನದ ಜೊತೆಗೆ ನಡೆದ ಸಂಗೀತ ಸಮ್ಮೇಳನದಿಂದ ಹುಟ್ಟಿದ ಸಂಸ್ಥೆ ಅಂತ ಆಟೋದಲ್ಲೇ ಪಾಠ ಆಯ್ತು. ಆಮೇಲೆ ಹೋಗಿದ್ದು ಬೇರೊಂದು ಸಭಾಗೆ. ಇದು ಗೊತ್ತಿಲ್ಲದೋರಿಗೆ ಹೇಳ್ತೀನಿ, ಮಧ್ಯಾಹ್ನದ ಕಛೇರಿಗಳು ಎಷ್ಟೋ ಕಡೆ ಫ್ರೀ, ಚಿಕ್ಕ ವಯಸ್ಸಿನೋರು ಹಾಡ್ತಾರೆ, ಸೀಟು ಎಲ್ಲಿ ಬೇಕಾದ್ರೂ ಸಿಗುತ್ತೆ. ಸಂಜೆ ದೊಡ್ಡೋರ ಕಛೇರಿಗೆ ಮಾತ್ರ ಟಿಕೆಟ್. ನನ್ನಂಥೋರು ಮಧ್ಯಾಹ್ನದ್ದಕ್ಕೆ ಹೋದ್ರೆ ಬೆಸ್ಟ್, ಊಟ ಆಗಿರುತ್ತೆ, ಹಾಲ್ ತಣ್ಣಗಿರುತ್ತೆ, ಒಂದ್ ಹತ್ತು ನಿಮಿಷ ಕಣ್ಣು ಮುಚ್ಚಿದ್ರೆ ಜನ ತನ್ಮಯ ಆಗಿದಾನೆ ಅಂತಾನೇ ತಿಳ್ಕೊತಾರೆ.

ಈಗ ಕ್ಯಾಂಟೀನ್. ಸಭಾ ಪಕ್ಕದಲ್ಲೇ ಶಾಮಿಯಾನ, ಉದ್ದ ಟೇಬಲ್, ಬಾಳೆಎಲೆ. ಕಛೇರಿಗೆ ಟಿಕೆಟ್ ಇಲ್ಲದೋರೂ ಊಟಕ್ಕೆ ಬರ್ತಾರೆ, ಯಾರೂ ಕೇಳಲ್ಲ. ಎಲೆ ತುಂಬ ಬಡಿಸಿದ್ರು: ಪಲ್ಯ ಎರಡು, ಕೂಟು, ಸುಂಡಕ್ಕಾಯಿ ಹಾಕಿದ ವತ್ತಕೊಳಂಬು (ಹುಣಸೆಹುಳಿಯ ಗಟ್ಟಿ ಸಾರು), ರಸಂ, ಪಾಯಸ, ಜೊತೆಗೆ ಸೊಪ್ಪಿನ ವಡೆ. ಆ ವಡೆ ಹೊರಗೆ ಗರಿಗರಿ ಒಳಗೆ ಹತ್ತಿ, ಎರಡನೇ ಸಲ ಕೇಳ್ದಾಗ ಬಡಿಸೋನು ನನ್ನ ಮುಖ ನೋಡಿ ಎರಡು ಹಾಕ್ದ. ವತ್ತಕೊಳಂಬು ಹುಳಿ ಅಂದ್ರೆ ಹುಳಿ, ಬೆಲ್ಲದ ಸುಳಿವೇ ಇಲ್ಲ, ನಮ್ಮಮ್ಮ ಆಗಿದ್ರೆ "ಒಂದ್ ಚೂರು ಬೆಲ್ಲ ಹಾಕಿದ್ರೆ ಇವರ ಗಂಟೇನು ಹೋಗ್ತಿತ್ತು" ಅಂತಿದ್ರು, ಆದ್ರೆ ಬಿಸಿ ಅನ್ನಕ್ಕೆ ಎಳ್ಳೆಣ್ಣೆ ಹಾಕ್ಕೊಂಡು ಕಲ್ಸಿದ ಮೇಲೆ ನಾನು ಮಾತಾಡ್ಲಿಲ್ಲ. ಸಂಜೆ ಅಶೋಕ ಹಲ್ವ ತಿಂದೆ, ಹೆಸರುಬೇಳೆಯದ್ದು, ತುಪ್ಪ ಕೈಗೆಲ್ಲ ಅಂಟುತ್ತೆ, ಅರ್ಧ ಪ್ಲೇಟ್ ಸಾಕು. ಬೇಜಾರಾಗಿದ್ದು ಕಾಫಿ. ಊರಿಗೆಲ್ಲ ಹೆಸರಾದ ಕಾಫಿ ಅಂತ ಆಸೆ ಪಟ್ಟು ಹೋದ್ರೆ ರಶ್ಶಲ್ಲಿ ಡಿಕಾಕ್ಷನ್ ನೀರಾಗಿತ್ತು, ಗಾಂಧಿಬಜಾರ್‌ದೇ ವಾಸಿ. ಕೂಪನ್ ಕ್ಯೂ, ಊಟದ ಕ್ಯೂ, ಕೈ ತೊಳೆಯೋಕೂ ಕ್ಯೂ. ಹನ್ನೆರಡೂವರೆ ಒಳಗೆ ಹೋಗಿ, ಇಲ್ಲಾಂದ್ರೆ ಕೂತೋರ ಕುರ್ಚಿ ಹಿಂದೆ ನಿಂತು ಅವರ ಮಜ್ಜಿಗೆ ಯಾವಾಗ ಮುಗಿಯುತ್ತೆ ಅಂತ ಕಾಯ್ಬೇಕು.

ಸಂಜೆ ಕಛೇರಿ ಎರಡೂವರೆ ಗಂಟೆ ಮೇಲೇ ಆಯ್ತು. ವರ್ಣ, ಒಂದೆರಡು ಕೃತಿ, ಆಮೇಲೆ ದೊಡ್ಡದೊಂದು ಆಲಾಪನೆ. ನನ್ನ ಪ್ಲಾನ್ ಏನಂದ್ರೆ ತನಿ ಆವರ್ತನ, ಅಂದ್ರೆ ಹಾಡು ನಿಲ್ಲಿಸಿ ಮೃದಂಗ, ಘಟದೋರು ಮಾತ್ರ ನುಡಿಸೋ ಭಾಗ, ಶುರುವಾದ ತಕ್ಷಣ ಎದ್ದು ಕ್ಯಾಂಟೀನಿಗೆ ಓಡೋದು, ಆಫೀಸ್ ಹುಡುಗ ಹೇಳ್ಕೊಟ್ಟಿದ್ದ ಗುಟ್ಟು, ಆಗ ಕ್ಯೂ ಇರಲ್ವಂತೆ. ನಿಜವಾಗ್ಲೂ ಅರ್ಧ ಸಾಲು ಎದ್ದು ಹೊರಟ್ರು. ನಾನು ಎದ್ದೆ, ಹೆಂಡ್ತಿ ಜುಬ್ಬಾ ಹಿಡಿದು ಎಳೆದು ಕೂರಿಸಿದ್ಳು, "ಮೃದಂಗದೋರು ಎರಡು ಗಂಟೆ ಇನ್ನೊಬ್ರಿಗೆ ನುಡಿಸಿದಾರೆ, ಅವರದು ಅಂತ ಇರೋದು ಹದಿನೈದು ನಿಮಿಷ, ಕೂತ್ಕೊಳ್ರೀ." ಕೂತೆ. ಇಡೀ ಕಛೇರೀಲಿ ನನಗೆ ಅರ್ಥ ಆಗಿದ್ದು ಅದೊಂದೇ ಅಂತ ಹೇಳಿದ್ರೆ ನಗ್ಬೇಡಿ. ಮೃದಂಗದೋರು ಒಂದು ಲೆಕ್ಕ ಹಾಕೋದು, ಘಟದೋರು ಅದನ್ನೇ ತಿರುಗಿಸಿ ಕೊಡೋದು, ಅದು ಸಣ್ಣದಾಗ್ತಾ ಆಗ್ತಾ ಕೊನೆಗೆ ಇಬ್ರೂ ಸೇರಿ ಒಂದೇ ಏಟಿಗೆ ಬಂದು ನಿಂತಾಗ ನನ್ನ ಕೈ ತೊಡೆ ಮೇಲೆ ತಾಳ ಹಾಕ್ತಿತ್ತು. ತಪ್ಪಾಗಿ ಹಾಕ್ತಿತ್ತಂತೆ, ಅದು ಬೇರೆ ವಿಷಯ.

ಪಕ್ಕದಲ್ಲಿ ಒಬ್ರು ಮಾಮ, ಎಂಬತ್ತರ ಹತ್ರ ಇರ್ಬೋದು, ಸ್ವೆಟರ್ ಮಫ್ಲರ್ ಎಲ್ಲ ಹಾಕ್ಕೊಂಡು ಬಂದಿದ್ರು, ಹಾಲ್ ಎಸಿ ಅಷ್ಟು ಜೋರು, ನೀವೂ ಒಂದು ಶಾಲು ತಗೊಂಡ್ಹೋಗಿ. ಕೊನೇಲಿ ಸಣ್ಣ ಸಣ್ಣ ಹಾಡು ಬರುತ್ತಲ್ಲ, ತುಕ್ಕಡ ಅಂತಾರೆ, ಅಲ್ಲಿ ಒಂದು ಪುರಂದರದಾಸರ ದೇವರನಾಮ ಬಂತು. ಹಾಡಿದೋರು ಕೆಲವು ಕಡೆ ಬಕಾರಾನ ಪಕಾರ ಮಾಡಿ, ಹಕಾರ ನುಂಗಿ ಹಾಡಿದ್ರು, ನನ್ನ ಹೆಂಡ್ತಿ ಹಲ್ಲು ಕಚ್ಕೊಂಡು ಕೂತಿದ್ಳು. ನಾನು ಮಾತ್ರ ಮೊದಲನೇ ಸಲ ಬಾಯಿ ಆಡಿಸ್ತಿದ್ದೆ, ಅಜ್ಜಿ ಹೇಳ್ಕೊಟ್ಟಿದ್ದು. ಮಾಮ ನೋಡಿ "ನೀಂಗ ಬೆಂಗಳೂರಾ?" ಅಂದ್ರು. ಹೂಂ ಅಂದೆ. ಎರಡನೇ ಚರಣದಲ್ಲಿ ಒಂದು ಪದ ಐವತ್ತು ವರ್ಷದಿಂದ ಕೇಳ್ತಿದೀನಿ, ಅರ್ಥ ಏನು ಅಂತ ಕೇಳಿದ್ರು! ರಾಗ ಗೊತ್ತಿಲ್ಲದ ನಾನು ಆ ಹಾಲಲ್ಲಿ ಒಬ್ಬರಿಗೆ ಪಾಠ ಹೇಳಿದೆ. ಆಮೇಲೆ ಅವರು ಮೈಸೂರು ಚೌಡಯ್ಯನವರ ಏಳು ತಂತಿ ಪಿಟೀಲು ಚಿಕ್ಕಂದಿನಲ್ಲಿ ಅಪ್ಪನ ಜೊತೆ ಬಂದು ಕೇಳಿದ್ದು, 1957ರಲ್ಲಿ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿದ್ದು, ಎಲ್ಲ ಮಂಗಳ ಮುಗಿದು ಲೈಟ್ ಆರಿಸೋವರೆಗೂ ಹೇಳಿದ್ರು.

ಲಾಡ್ಜ್ ಬಗ್ಗೆ ಬರೆಯೋಕೆ ಏನಿಲ್ಲ, ಸೊಳ್ಳೆ ಇತ್ತು. ಬೆಳಗ್ಗೆ ಐದಕ್ಕೇ ಎದ್ದು ಕಪಾಲೀಶ್ವರ ದೇವಸ್ಥಾನದ ಸುತ್ತ ಓಡಾಡಿದ್ವಿ, ಮನೆ ಮುಂದೆಲ್ಲ ದೊಡ್ಡ ದೊಡ್ಡ ರಂಗೋಲಿ, ದೂರದಲ್ಲೆಲ್ಲೋ ಆಂಡಾಳ್ ಹಾಡುಗಳಾದ ತಿರುಪ್ಪಾವೈ. ನಮ್ಮ ಧನುರ್ಮಾಸನೇ ಇದು, ಹುಗ್ಗಿ ಬದಲು ಪೊಂಗಲ್ ಕೈಗೆ ಹಾಕಿದ್ರು, ಅಷ್ಟೇ.

ವಾಪಸ್ ಬರ್ತಾ ವೆಲ್ಲೂರು ಕೋಟೆ ಒಂದು ಗಂಟೆ ನೋಡಿದ್ವಿ. ವಿಜಯನಗರದ ಕಾಲದ್ದು, ಕಂದಕದಲ್ಲಿ ಈಗಲೂ ನೀರಿದೆ, ಒಳಗಿನ ಜಲಕಂಠೇಶ್ವರ ದೇವಸ್ಥಾನದ ಕಲ್ಯಾಣ ಮಂಟಪದ ಕಂಬ ನೋಡಿದ್ರೆ ಹಂಪಿ ನೆನಪಾಗುತ್ತೆ, ಕಾರಲ್ಲಿ ಹೋಗಿದ್ದಕ್ಕೆ ಸಿಕ್ಕ ಲಾಭ ಇದು. ಇನ್ನೊಂದು ಲಾಭ ಆಂಬೂರು. ಸೀರಗ ಸಾಂಬಾ ಅಕ್ಕಿ ಬಿರಿಯಾನಿ, ಜೊತೆಗೆ ಬದನೆಕಾಯಿ ಗೊಜ್ಜು ಥರದ್ದು, ನಾನೊಬ್ನೇ ತಿಂದಿದ್ದು, ಅವಳು ಕಾರಲ್ಲಿ ಕೂತು ಮೈಲಾಪುರದಿಂದ ಕಟ್ಟಿಸ್ಕೊಂಡು ಬಂದ ಮೊಸರನ್ನ ತಿಂದ್ಕೊಂಡು ಹಿಂದಿನ ಸಂಜೆ ಆಲಾಪನೆ ಗುನುಗ್ತಿದ್ಳು. ಅತ್ತಿಬೆಲೆ ಟೋಲಲ್ಲಿ ಭಾನುವಾರ ರಾತ್ರಿ ಮುಕ್ಕಾಲು ಗಂಟೆ ನಿಂತ್ವಿ, ಊರಿಗೆ ಹೋದೋರೆಲ್ಲ ಒಟ್ಟಿಗೆ ವಾಪಸ್.

ಮುಂದಿನ ಡಿಸೆಂಬರ್ ವಂದೇ ಭಾರತ್‌ನಲ್ಲಿ ಹೋಗೋದು ಅಂತ ಮನೇಲಿ ತೀರ್ಮಾನ ಆಗಿದೆ, ನಾಲ್ಕೂವರೆ ಗಂಟೆಗೆ ಇಳಿಸ್ತಾನೆ, ಪಾರ್ಕಿಂಗ್ ತಲೆನೋವಿಲ್ಲ. ಆಂಬೂರಲ್ಲಿ ನಿಲ್ಸಲ್ಲ ಅನ್ನೋದೊಂದೇ ನನಗೆ ಬೇಜಾರು.