ಹಳೆ ಟಬ್ ಜಾಗಕ್ಕೆ ಅಕ್ರಿಲಿಕ್ ಟಬ್: ಹಗುರ ನಿಜ, ತಳ ಮಾತ್ರ ನೋಡಿಕೊಳ್ಳಿ

ಮೂರು ಗೋಡೆಗಳ ನಡುವೆ ಕೂರುವ 60 ಇಂಚಿನ ಅಕ್ರಿಲಿಕ್ (ಒಂದು ಬಗೆಯ ಪ್ಲಾಸ್ಟಿಕ್) ಸ್ನಾನದ ಟಬ್‌ನ ದೊಡ್ಡ ಲಾಭ ತೂಕ. ಎರಕದ ಕಬ್ಬಿಣದ್ದು ನೂರು ಕಿಲೋ ದಾಟುತ್ತದೆ. ಅಕ್ರಿಲಿಕ್‌ನದನ್ನು ಇಬ್ಬರು ಎತ್ತಿ ಇಡಬಹುದು. ಡ್ರೇನ್, ಅಂದರೆ ನೀರು ಹೊರಹೋಗುವ ತೂತು, ಎಡಕ್ಕೋ ಬಲಕ್ಕೋ ನೋಡಿಯೇ ಕೊಳ್ಳಿ, ತಪ್ಪಿದರೆ ನೆಲ ಒಡೆಯಬೇಕಾದೀತು.

ಇದರ ದೌರ್ಬಲ್ಯ ತಳದಲ್ಲಿದೆ. ಕೆಳಗೆ ಆಧಾರ ಸಾಲದಿದ್ದರೆ ಕಾಲಿಟ್ಟಾಗಲೆಲ್ಲ ಬಾಗುತ್ತದೆ. ಬಾಗಿ ಬಾಗಿ ಡ್ರೇನ್ ಜೋಡಣೆ ಸಡಿಲಗೊಂಡು ಸೋರುತ್ತದೆ. ತಯಾರಕರು ಬೇಡವೆನ್ನದಿದ್ದರೆ ತಳದಡಿ ಗಾರೆಯ ಹಾಸು ಹಾಕಿ. ಅದು ಗಟ್ಟಿಯಾಗುವವರೆಗೆ ಯಾರೂ ಒಳಗೆ ನಿಲ್ಲಬಾರದು. ಗೋಡೆ ಮುಚ್ಚುವ ಮೊದಲು ಓವರ್‌ಫ್ಲೋ ತೂತಿನವರೆಗೆ (ಹೆಚ್ಚಾದ ನೀರು ಹರಿದುಹೋಗಲು ಮೇಲಿರುವುದು) ನೀರು ತುಂಬಿಸಿ, ಟಾರ್ಚ್ ಹಿಡಿದು ಜೋಡಣೆಗಳನ್ನು ನೋಡಿ. ಟೈಲ್ ಅಂಚಿಗೆ ಸಿಲಿಕೋನ್ ಹಚ್ಚುವಾಗಲೂ ಟಬ್ ತುಂಬಿರಲಿ. ಖಾಲಿಯಿದ್ದಾಗ ಹಚ್ಚಿದ್ದು ಭಾರ ಬಿದ್ದೊಡನೆ ಬಿಟ್ಟುಕೊಳ್ಳುತ್ತದೆ. ಉಗುರುಬಣ್ಣ ತೆಗೆಯಲು ಬಳಸುವ ಅಸಿಟೋನ್ ದ್ರಾವಕವನ್ನಂತೂ ಹತ್ತಿರ ತರಲೇಬೇಡಿ, ಮೇಲ್ಮೈ ಕರಗುತ್ತದೆ.