ಸ್ಪೀಕರಿನ ಫ್ಯೂಸಿಗೆ ತಂತಿ ಸುತ್ತಿ ನಾವು ಕಳೆದುಕೊಂಡದ್ದು

ಗಣೇಶ ಹಬ್ಬದ ಎರಡನೆಯ ದಿನ ಸಂಜೆ, ಮಕ್ಕಳ ಹಾಡಿನ ಸ್ಪರ್ಧೆಗೆ ಇನ್ನು ಅರ್ಧ ಗಂಟೆ ಇದೆ ಎನ್ನುವಾಗ, ನಮ್ಮ ಬಡಾವಣೆಯ ಪೆಂಡಾಲಿನಲ್ಲಿದ್ದ ಎರಡೂ ಪವರ್ಡ್ ಸ್ಪೀಕರ್‌ಗಳು ಒಟ್ಟಿಗೆ ನಿಂತುಹೋದವು. ಆಂಪ್ಲಿಫೈಯರ್ ಒಳಗೇ ಇರುವ ಈ ಪೆಟ್ಟಿಗೆಗಳನ್ನು ಸಂಘದವರು ಚಂದಾ ಹಣದಿಂದ ಕೊಂಡಿದ್ದರು. ಸ್ವಿಚ್ ಎಷ್ಟು ಸಲ ಒತ್ತಿದರೂ ಹಿಂಬದಿಯ ಸಣ್ಣ ದೀಪ ಹೊತ್ತಲಿಲ್ಲ. ಅದಕ್ಕೆ ತುಸು ಮುಂಚೆ ಪೆಂಡಾಲಿನ ಬಲ್ಬುಗಳು ಎಂದಿಲ್ಲದಷ್ಟು ಪ್ರಖರವಾಗಿ ಉರಿದದ್ದನ್ನು ಕಂಡು, ಇವತ್ತು ವೋಲ್ಟೇಜ್ ಚೆನ್ನಾಗಿದೆ ಎಂದು ಸಂತೋಷಪಟ್ಟವನು ನಾನೇ.

ಸಾಕೆಟ್ಟಿಗೆ ಟೆಸ್ಟರ್ ಇಟ್ಟೆವು, ಉರಿಯಿತು. ಕರೆಂಟ್ ಇದೆ, ಆದ್ದರಿಂದ ದೋಷ ಸ್ಪೀಕರಿನಲ್ಲೇ ಇದೆ ಎಂದು ತೀರ್ಮಾನಿಸಿ, ಕೇಬಲ್ ಸಿಕ್ಕಿಸುವ ಜಾಗದ ಕೆಳಗಿರುವ ಪುಟ್ಟ ಡ್ರಾಯರನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದೆವು. ಫ್ಯೂಸಿನ ಗಾಜಿನ ಒಳಮೈಯೆಲ್ಲ ಕಪ್ಪಾಗಿತ್ತು. ಒಳಗಿನ ಎಳೆ ಸುಮ್ಮನೆ ತುಂಡಾಗಿದ್ದರೆ ಒಂದು ಮಾತು. ಗಾಜು ಹೀಗೆ ಕಪ್ಪಿಟ್ಟಿದ್ದರೆ ಒಳಗೆ ಶಾರ್ಟ್ ಆಗಿರುವ ಸಂಭವವೇ ಹೆಚ್ಚು ಎಂಬುದು ಆಗ ನನಗೆ ತಿಳಿದಿರಲಿಲ್ಲ. ಲೈಟಿಂಗ್ ಹುಡುಗ "ಎರಡು ನಿಮಿಷದ ಕೆಲಸ ಸರ್" ಎಂದು ವೈರಿನಿಂದ ತಾಮ್ರದ ಒಂದೆಳೆ ಬಿಡಿಸಿ ಫ್ಯೂಸಿನ ಮೇಲೆ ಸುತ್ತಿದ. ಮನೆಯ ಮೀಟರ್ ಬೋರ್ಡಿನಲ್ಲಿ ಫ್ಯೂಸ್ ಕಟ್ಟಿ ಅಭ್ಯಾಸವಾದ ನಮಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಸ್ವಿಚ್ ಹಾಕಿದೊಡನೆ ಪಟಾಕಿಯಂಥ ಸದ್ದು, ಹೊಗೆ, ಸುಟ್ಟ ವಾಸನೆ. ಅಷ್ಟಾದ ಮೇಲೂ ಎರಡನೆಯದನ್ನು ಪ್ರಯತ್ನಿಸಲು ಹೇಳಿದ್ದು ನಾನೇ ಎಂಬುದನ್ನು ಒಪ್ಪಿಕೊಳ್ಳಬೇಕು.

ರಿಪೇರಿಯವರು ಬಿಚ್ಚಿ ತೋರಿಸಿದಾಗ ವಿಷಯ ತಿಳಿಯಿತು. ಪೆಂಡಾಲಿಗೆ ಎಳೆದಿದ್ದ ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಸಡಿಲವಾಗಿತ್ತು. ಹಾಗಾದಾಗ 230 ವೋಲ್ಟ್ ಇರಬೇಕಾದ ಸಾಕೆಟ್ಟಿಗೆ 300ನ್ನೂ ಮೀರಿ ಬರಬಹುದು. ಟೆಸ್ಟರ್ ಮಾತ್ರ ಎಂದಿನಂತೆಯೇ ಉರಿಯುತ್ತದೆ. ಸ್ಪೀಕರಿನೊಳಗಿನ ವೇರಿಸ್ಟರ್ ಎಂಬ ಬಿಲ್ಲೆಯಂಥ ಭಾಗ ತಾನು ಶಾರ್ಟ್ ಆಗಿ, ಫ್ಯೂಸನ್ನು ಹಾರಿಸಿ, ಉಳಿದುದನ್ನು ಕಾಪಾಡಿತ್ತು. ವೇರಿಸ್ಟರ್ ಮತ್ತು ಫ್ಯೂಸ್ ಎರಡನ್ನು ಬದಲಿಸಿದ್ದರೆ ಮುಗಿಯುತ್ತಿತ್ತು. ನಾವು ತಂತಿ ಸುತ್ತಿದ್ದರಿಂದ ವೇರಿಸ್ಟರ್ ಸಿಡಿದು, ಅದೇ ಹೆಚ್ಚಿನ ವೋಲ್ಟೇಜ್ ಒಳಗೆ ಡಿಸಿಯಾದಾಗ 400ನ್ನೂ ದಾಟಿ, 400 ವೋಲ್ಟಷ್ಟೇ ತಾಳುವ ಕೆಪಾಸಿಟರಿಗೆ (ಚಾರ್ಜ್ ಕೂಡಿಟ್ಟುಕೊಳ್ಳುವ ಭಾಗ) ನುಗ್ಗಿ, ಪವರ್ ಸಪ್ಲೈ ಬೋರ್ಡೇ ಸುಟ್ಟುಹೋಯಿತು.

ನಿಮ್ಮ ಸ್ಪೀಕರ್ ಆನ್ ಆಗದಿದ್ದರೆ ಮೊದಲು ಅದೇ ಸಾಕೆಟ್ಟಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವಿನ ವೋಲ್ಟೇಜನ್ನು ಮಲ್ಟಿಮೀಟರಿನಿಂದ ನೋಡಿಸಿ. ಅದು ಸರಿಯಿದ್ದರೆ ಕೇಬಲ್ ಬದಲಿಸಿ ನೋಡಿ. ತಿರುಗಿಸಿ ಲಾಕ್ ಮಾಡುವ ಪ್ಲಗ್ ಆಗಿದ್ದರೆ ಪೂರ್ತಿ ತಿರುಗಿದೆಯೇ ಎಂದು ಗಮನಿಸಿ. ಫ್ಯೂಸ್ ಹೋಗಿದ್ದರೆ ಪ್ಲಗ್ ಕಿತ್ತ ಮೇಲೆ, ಡ್ರಾಯರಿನ ಪಕ್ಕದಲ್ಲಿ ಬರೆದಿರುವ ಆಂಪಿಯರ್ ಅಳತೆಯದನ್ನೇ ಹಾಕಿ. ಅಲ್ಲಿ ಟಿ ಎಂಬ ಅಕ್ಷರವಿದ್ದರೆ ನಿಧಾನವಾಗಿ ಕರಗುವ ಬಗೆಯೇ ಆಗಬೇಕು. ಅದೂ ಹೋದರೆ ಮೂರನೆಯದನ್ನು ಹಾಕದೆ ರಿಪೇರಿಗೆ ಕೊಡಿ, ಸೀರೀಸ್ ಬಲ್ಬ್ (ಒಳಗೆ ಶಾರ್ಟ್ ಇದ್ದರೂ ಕರೆಂಟ್ ಮಿತಿಮೀರಿ ಹರಿಯದಂತೆ ಲೈನಿನ ನಡುವೆ ಸೇರಿಸುವ ಬಲ್ಬ್) ಮೂಲಕವೇ ಮೊದಲು ಕರೆಂಟ್ ಕೊಡುವಂತೆ ಕೇಳಿ. ಪೆಟ್ಟಿಗೆಯನ್ನು ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಅಪಾಯಕಾರಿ ಚಾರ್ಜ್ ಉಳಿದಿರುತ್ತದೆ.

ಮಕ್ಕಳು ಅಂದು ಮೈಕಿಲ್ಲದೆ ಹಾಡಿದರು. ಎರಡರ ಬೋರ್ಡುಗಳಿಂದ ಭಾಗಗಳನ್ನು ಕೂಡಿಸಿ ಒಂದು ಸ್ಪೀಕರನ್ನು ಸರಿಮಾಡಿಸಿದೆವು. ಇನ್ನೊಂದು ಈಗ ಸಂಘದ ಕೋಣೆಯಲ್ಲಿದೆ; ಅದರ ಮೇಲೆ ಕುಳಿತು ಚಂದಾ ಲೆಕ್ಕ ಬರೆಯುತ್ತಾರೆ.